ಡೆವಲಪರ್‌ಗೆ ನ್ಯೂಸ್‌ಲೆಟರ್ ಬೇಕಾ?

ಮೇಲ್‌ನಲ್ಲಿ ಬರುವ ಈ ಸುದ್ದಿಪತ್ರ ಬೇಕು, ಆದರೆ ಎರಡೋ ಮೂರೋ ಸಾಕು. ದಿನಾ ಬರುವುದಕ್ಕಿಂತ ವಾರಕ್ಕೊಮ್ಮೆ ಬರುವುದು ಮೇಲು. ಸುದ್ದಿ ಸೋಸಿ ಬಂದಿರುತ್ತದೆ. ನೀವು ಕೆಲಸ ಮಾಡುವ ಪ್ರೋಗ್ರಾಮಿಂಗ್ ಭಾಷೆಯದ್ದೊಂದು ಇರಲಿ: 2010ರಿಂದ ಬರುತ್ತಿರುವ ಜಾವಾಸ್ಕ್ರಿಪ್ಟ್ ವೀಕ್ಲಿ, ರಸ್ಟ್‌ನವರಿಗೆ ದಿಸ್ ವೀಕ್ ಇನ್ ರಸ್ಟ್.

ಸೇರುವ ಮುನ್ನ ಹಳೆಯ ನಾಲ್ಕು ಸಂಚಿಕೆ ತೆರೆದು ನೋಡಿ. ಒಂದೊಂದರಲ್ಲೂ ಕನಿಷ್ಠ ಎರಡು ಲಿಂಕ್ ಓದಬೇಕೆನಿಸದಿದ್ದರೆ ಬಿಟ್ಟುಬಿಡಿ. ಪ್ರಾಯೋಜಿತ ಎಂಬ ಗುರುತಿರುವ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಜಿಮೇಲ್ ಆದರೆ, ವಿಳಾಸದಲ್ಲಿ ಅಟ್ ಚಿಹ್ನೆಗೆ ಮೊದಲು ಪ್ಲಸ್ ಹಾಕಿ ಒಂದು ಪದ ಸೇರಿಸಿ, ನ್ಯೂಸ್‌ಲೆಟರ್‌ಗೆ ಸೇರುವಾಗ ಆ ವಿಳಾಸವನ್ನೇ ಕೊಡಿ. ಆಮೇಲೆ ಫಿಲ್ಟರ್‌ನ 'ಟು' ಜಾಗದಲ್ಲಿ ಅದನ್ನೇ ಬರೆದು, 'ಸ್ಕಿಪ್ ದಿ ಇನ್‌ಬಾಕ್ಸ್' ಆರಿಸಿ, ಲೇಬಲ್ ಹಚ್ಚಿ. ಕೆಲವು ಫಾರ್ಮ್‌ಗಳು ಪ್ಲಸ್ ಒಪ್ಪುವುದಿಲ್ಲ. ಆಗ ಕಳಿಸುವವರ ವಿಳಾಸದ ಮೇಲೆ ಫಿಲ್ಟರ್ ಮಾಡಿ. ದೃಢೀಕರಣದ ಮೇಲ್ ಕಾಣದಿದ್ದರೆ ಸ್ಪ್ಯಾಮ್‌ನಲ್ಲಿ ಹುಡುಕಿ. ಅದರಲ್ಲಿನ ಲಿಂಕ್ ಒತ್ತದಿದ್ದರೆ ಸಾಮಾನ್ಯವಾಗಿ ಏನೂ ಬರುವುದಿಲ್ಲ.

ಉದ್ದದ ಸಂಚಿಕೆ ಅರ್ಧಕ್ಕೇ ನಿಂತರೆ ಗಾಬರಿ ಬೇಡ. ಸುಮಾರು 102 ಕೆಬಿ ದಾಟಿದ ಮೇಲ್ ಅನ್ನು ಜಿಮೇಲ್ ಕತ್ತರಿಸುತ್ತದೆ. ಕೆಳಗಿನ ಲಿಂಕ್ ಒತ್ತಿದರೆ ಪೂರ್ತಿ ತೆರೆಯುತ್ತದೆ.

ಭದ್ರತಾ ದೋಷದ ಸುದ್ದಿಗೆ ಮಾತ್ರ ನ್ಯೂಸ್‌ಲೆಟರ್‌ಗಳನ್ನು ನಂಬಿ ಕೂರಬೇಡಿ, ವಾರ ಕಾಯುವಷ್ಟರಲ್ಲಿ ತಡವಾಗಿರುತ್ತದೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ, ನೀವು ಬಳಸುವ ಲೈಬ್ರರಿಯ (ಬೇರೆಯವರು ಬರೆದ ಸಿದ್ಧ ಕೋಡ್‌ನ) ಪುಟದಲ್ಲಿ 'ವಾಚ್' ಒತ್ತಿ, 'ಕಸ್ಟಮ್'ನಲ್ಲಿ 'ರಿಲೀಸಸ್' ಮತ್ತು 'ಸೆಕ್ಯುರಿಟಿ ಅಲರ್ಟ್ಸ್' ಗುರುತಿಸಿ.

ಸತತ ಮೂರು ಸಂಚಿಕೆ ಓದದೆ ಉಳಿದವೇ? ಅನ್‌ಸಬ್‌ಸ್ಕ್ರೈಬ್ ಒತ್ತಿ. ಸ್ಪ್ಯಾಮ್ ಎಂದು ಗುರುತು ಹಾಕಬೇಡಿ, ನೀವೇ ಕೇಳಿ ತರಿಸಿಕೊಂಡದ್ದಲ್ಲವೇ!