ಬಿಸಿಯಾದರೆ ಸದ್ದು ಹೋಗುತ್ತಿದ್ದ ಟ್ಯಾಬ್: ಐಸಿ ಮುಟ್ಟದೆ ಸರಿ ಮಾಡಿದ್ದು

ಮೂರು ಕೈ ದಾಟಿ ನನ್ನ ಹತ್ತಿರ ಬಂದ ಟ್ಯಾಬ್ ಅದು. ಸ್ಪೀಕರ್‌ನಲ್ಲಿ ಸದ್ದಿಲ್ಲ, ಹೆಡ್‌ಫೋನ್ ಹಾಕಿದರೆ ಚೆನ್ನಾಗಿ ಬರುತ್ತದೆ. ಒಬ್ಬರು ಸ್ಪೀಕರ್ ಬದಲಾಯಿಸಿದ್ದರು, ಇನ್ನೊಬ್ಬರು ಸಾಫ್ಟ್‌ವೇರ್ ಹೊಸದಾಗಿ ಹಾಕಿದ್ದರು, ಮೂರನೆಯವರು ಬೋರ್ಡೇ ಹೋಗಿದೆ ಅಂದಿದ್ದರು. ಬ್ಲೂಟೂತ್, ಸೇಫ್ ಮೋಡ್, ಜಾಕ್ ಕ್ಲೀನಿಂಗ್ ಎಲ್ಲ ಮುಗಿದಿತ್ತು. ಅದೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ಟ್ಯಾಬ್ ತಂದವರು ಹೇಳಿದ ಒಂದು ಮಾತನ್ನು ಮಾತ್ರ ಯಾರೂ ಗಮನವಿಟ್ಟು ಕೇಳಿರಲಿಲ್ಲ. "ಬೆಳಿಗ್ಗೆ ಆನ್ ಮಾಡಿದಾಗ ಹತ್ತು ನಿಮಿಷ ಸೌಂಡ್ ಬರುತ್ತೆ ಸಾರ್, ಆಮೇಲೆ ಹೋಗುತ್ತೆ. ಚಾರ್ಜಿಗೆ ಹಾಕಿದ್ರೆ ಇನ್ನೂ ಬೇಗ ಹೋಗುತ್ತೆ."

ಇದನ್ನು ಹೇಳಿದರೆ ಜೊತೆಯವರೆಲ್ಲ ಒಂದೇ ರಾಗ ಹಾಡಿದರು: ಬಿಸಿಗೆ ಸದ್ದು ಹೋಗುತ್ತದೆ ಅಂದರೆ ಆಡಿಯೋ ಐಸಿಯ (ಸದ್ದು ನೋಡಿಕೊಳ್ಳುವ ಚಿಪ್) ಬೆಸುಗೆ ಬಿಟ್ಟಿದೆ, ರೀಬಾಲ್ ಮಾಡು, ಅಂದರೆ ಐಸಿ ಕಿತ್ತು ಹೊಸ ಬೆಸುಗೆ ಹಾಕಿ ಕೂರಿಸು. ನಾನು ಒಪ್ಪಲಿಲ್ಲ. ಹಿಂದೊಂದು ಟ್ಯಾಬ್‌ಗೆ ಇದೇ ಮಾತು ಕೇಳಿ ಪೆಟ್ಟು ತಿಂದಿದ್ದೆ. ಬೆಸುಗೆ ಕರಗಿಸುವ ಹಾಟ್ ಏರ್ ಹಿಡಿದಾಗ ಪಕ್ಕದ ಸಣ್ಣ ಕಾಯಿಲ್ ಹಾರಿಹೋಗಿ ಮೈಕೂ ಸತ್ತಿತು. ಮತ್ತೆ ಮುಚ್ಚುವಾಗ ಡಿಸ್ಪ್ಲೇ ಬಿರುಕು ಬಿಟ್ಟಿತು. ಹೊಸ ಡಿಸ್ಪ್ಲೇ ನನ್ನ ಕೈಯಿಂದಲೇ ಹಾಕಿಕೊಟ್ಟೆ. ಏಳೆಂಟು ರಿಪೇರಿಯ ದುಡಿಮೆ ಒಂದೇ ಏಟಿಗೆ ಹೋಯಿತು. ಆಗ ತರಿಸಿದ ಎರಡನೇ ಐಸಿ ಇನ್ನೂ ಡಬ್ಬಿಯಲ್ಲೇ ಇದೆ.

ಹಾಗಾಗಿ ಈ ಸಲ ಬಿಚ್ಚದೆ ಸುಮ್ನೆ ನೋಡುತ್ತಾ ಕೂತೆ. ಹಾಡು ಹಾಕಿ, ವಾಲ್ಯೂಮ್ ಗೆರೆ ತೆರೆದಿಟ್ಟೆ. ಸದ್ದು ನಿಂತ ಕ್ಷಣದಲ್ಲೇ ಆ ಗೆರೆ ತಾನಾಗಿ ಕೆಳಗಿಳಿಯಿತು. ನಾನು ಮುಟ್ಟಿರಲೇ ಇಲ್ಲ! ಆಂಡ್ರಾಯ್ಡ್ ಸ್ಪೀಕರ್‌ಗೆ ಒಂದು, ಹೆಡ್‌ಫೋನ್‌ಗೆ ಒಂದು ವಾಲ್ಯೂಮ್ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತದೆ ಅಲ್ವಾ? ಅಂದರೆ ಹೆಡ್‌ಫೋನ್ ಹಾಕಿದ್ದಾರೆ ಅಂದುಕೊಂಡು ಟ್ಯಾಬ್ ಆ ವಾಲ್ಯೂಮ್‌ಗೆ ಹಾರಿದೆ. ಸದ್ದು ಸತ್ತಿಲ್ಲ, ಖಾಲಿ ಜಾಕ್‌ಗೆ ಹೋಗುತ್ತಿದೆ. ಈ ಮಾಡೆಲ್‌ನಲ್ಲಿ ಹೆಡ್‌ಫೋನ್ ಚಿಹ್ನೆ ಮೇಲೆ ಬರುವುದೇ ಇಲ್ಲ, ಅದಕ್ಕೇ ಯಾರಿಗೂ ಹೊಳೆದಿರಲಿಲ್ಲ. ಖಾತ್ರಿಗೆ, ಸದ್ದನ್ನು ಬಲವಂತವಾಗಿ ಸ್ಪೀಕರ್‌ಗೆ ತಿರುಗಿಸುವ ಆ್ಯಪ್ ಹಾಕಿದೆ. ಬಿಸಿಯಲ್ಲೂ ಸ್ಪೀಕರ್ ಜೋರಾಗಿ ಕೂಗಿತು. ಐಸಿ, ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಸರಿ ಇದೆ ಅಂತ ಅಲ್ಲೇ ತೀರ್ಮಾನವಾಯಿತು. ಬಿಚ್ಚಿದ ಮೇಲೆ ಮೀಟರ್ ಹಿಡಿದರೂ ಸ್ಪೀಕರ್ ಸುಮಾರು 7 ಓಮ್ ತೋರಿಸಿತು. 8 ಓಮ್ ಸ್ಪೀಕರ್‌ಗೆ ಅದು ಸರಿಯಾದ ಲೆಕ್ಕ. ಹಳೆಯದನ್ನು ಸುಮ್ಮನೆ ಬದಲಾಯಿಸಿದ್ದರು, ಆ ದುಡ್ಡು ದಂಡ.

ಜಾಕ್‌ನಲ್ಲಿ ಪಿನ್ ಇದೆಯೋ ಇಲ್ಲವೋ ಅಂತ ಟ್ಯಾಬ್‌ಗೆ ತಿಳಿಸುವ ಡಿಟೆಕ್ಟ್ ಲೈನ್‌ಗೆ ಮೀಟರ್ ಹಿಡಿದೆ. ಈ ಬೋರ್ಡ್‌ನಲ್ಲಿ ಜಾಕ್ ಖಾಲಿ ಇದ್ದಾಗ ಅಲ್ಲಿ 1.8 ವೋಲ್ಟ್ ಇರಬೇಕು, ಪಿನ್ ಹಾಕಿದಾಗ ಕೆಳಗೆ ಬೀಳಬೇಕು. ತಣ್ಣಗಿದ್ದಾಗ 1.6 ಹತ್ತಿರ ಇತ್ತು. ಬಿಸಿಯಾಗುತ್ತಾ ಜಾರಿ ಜಾರಿ ಅರ್ಧ ವೋಲ್ಟ್‌ಗೆ ಬಂತು. ಎಲ್ಲೋ ಕರೆಂಟ್ ಲೀಕ್ ಆಗುತ್ತಿದೆ. ಜಾಕ್ ಮೇಲೆ ಅನುಮಾನಪಟ್ಟು ಅದನ್ನೇ ಕಿತ್ತೆ. ಲೀಕ್ ಹಾಗೇ ಇತ್ತು. ಒಂದು ಸಂಜೆ ವ್ಯರ್ಥ.

ಮಾರನೇ ದಿನ ಮಾಡಿದ ಕೆಲಸಕ್ಕೇ ಎಲ್ಲರೂ ತಲೆ ಅಲ್ಲಾಡಿಸಿದ್ದು. 99 ಪರ್ಸೆಂಟ್ ಐಪಿಎ (ಬೋರ್ಡ್ ಒರೆಸುವ, ಬೇಗ ಆರುವ ಆಲ್ಕೋಹಾಲ್) ತಗೊಂಡು, ತೀರಾ ಸಣ್ಣ ಬ್ರಷ್ ತುದಿಯಲ್ಲಿ ಆ ಲೈನ್‌ನ ಒಂದೊಂದೇ ಭಾಗದ ಮೇಲೆ ಒಂದು ಹನಿ ಇಟ್ಟು ಊದಿದೆ. ಆರುವಾಗ ಅಷ್ಟು ಜಾಗ ಮಾತ್ರ ತಣ್ಣಗಾಗುತ್ತದೆ. ಮೀಟರ್ ಮೇಲೆ ಕಣ್ಣು. ಕೆಪಾಸಿಟರ್ ಮೇಲೆ ಹನಿ, ಏನೂ ಇಲ್ಲ. ರೆಸಿಸ್ಟರ್, ಏನೂ ಇಲ್ಲ. ಜಾಕ್ ಪಕ್ಕದಲ್ಲಿ ಸಾಸಿವೆಗಿಂತ ಚಿಕ್ಕದಾದ ಇಎಸ್‌ಡಿ ಡಯೋಡ್ (ಸ್ಟ್ಯಾಟಿಕ್ ಏಟಿನಿಂದ ಐಸಿ ಕಾಯುವ ಭಾಗ) ಮೇಲೆ ಹನಿ ಬಿದ್ದದ್ದೇ ತಡ, 0.5, 0.9, 1.4. ಊದುವುದು ನಿಲ್ಲಿಸಿದರೆ ಮತ್ತೆ ಇಳಿಯಿತು. ಐದಾರು ಸಲ ಮಾಡಿ ನೋಡಿದೆ, ಪ್ರತಿ ಸಲವೂ ಅದೇ. ಹೆಡ್‌ಫೋನ್ ಚುಚ್ಚುವಾಗ ಬರುವ ಸ್ಟ್ಯಾಟಿಕ್ ತಡೆದೂ ತಡೆದೂ ಅದು ಸೋತಿರಬೇಕು. ಬಿಸಿಗೆ ಲೀಕೇಜ್ ಜಾಸ್ತಿಯಾಗುವುದು ಡಯೋಡ್‌ನ ಗುಣವೇ.

ಇಲ್ಲೊಂದು ಎಚ್ಚರಿಕೆ. ವೋಲ್ಟೇಜ್ ಮೇಲೆ ಬಂದಾಗ ಟ್ಯಾಬ್‌ಗೆ ಹೆಡ್‌ಫೋನ್ ಕಿತ್ತಂತೆ ಅನಿಸಿ ಹಾಡು ಪಾಜ್ ಆಗಿ ನಿಲ್ಲುತ್ತದೆ. ಸದ್ದು ಬರಲಿಲ್ಲ ಅಂತ ಮೊದಲ ಸಲ ಸರಿಯಾದ ಭಾಗವನ್ನೇ ಬಿಟ್ಟು ಮುಂದೆ ಹೋಗಿದ್ದೆ. ಮತ್ತೆ ಪ್ಲೇ ಒತ್ತಿ ನೋಡಿ.

ಡಯೋಡ್ ತೆಗೆದೆ, 1.8 ಬಂತು, ನಿಂತಿತು. ಎರಡು ವಾರ ಹಾಗೇ ಓಡಿಸಿ, ಆಮೇಲೆ ಸತ್ತ ಬೋರ್ಡ್‌ನಿಂದ ಇನ್ನೊಂದು ಡಯೋಡ್ ತೆಗೆದು ಕೂರಿಸಿದೆ. ಖಾಲಿ ಬಿಟ್ಟರೂ ನಡೆಯುತ್ತದೆ, ಆದರೆ ಮುಂದಿನ ಸ್ಟ್ಯಾಟಿಕ್ ನೇರ ಐಸಿಗೇ ಹೋಗುತ್ತದೆ. ಬಿಡಿಭಾಗಕ್ಕೆ ನಯಾಪೈಸೆ ಖರ್ಚಿಲ್ಲ. ಸರ್ಕ್ಯೂಟ್ ಡಯಾಗ್ರಾಮ್ ಇಲ್ಲದ ಬೋರ್ಡ್‌ನಲ್ಲಿ ಡಿಟೆಕ್ಟ್ ಲೈನನ್ನು ಎರಡೇ ನಿಮಿಷದಲ್ಲಿ ಹುಡುಕುವುದು ಹೇಗೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ವರ್ಷಗಟ್ಟಲೆ ಬೆಂಚಿನ ಮುಂದೆ ಕೂತು ಕಲಿತದ್ದು.

ಇದೇ ಹುರುಪಿನಲ್ಲಿ ಜಾಕ್ ಇಲ್ಲದ ಒಂದು ಟೈಪ್-ಸಿ ಟ್ಯಾಬ್ ಮೇಲೂ ಆಡಿ ನೋಡಿದೆ. ಪೋರ್ಟ್‌ಗೆ ಏನು ಸೇರಿದೆ ಅಂತ ಗುರುತಿಸುವ ಎರಡು ಸಿಸಿ ಪಿನ್‌ಗಳಿಗೂ ಗ್ರೌಂಡ್‌ಗೂ ನಡುವೆ ತಲಾ ಒಂದು ಕಿಲೋ ಓಮ್ ರೆಸಿಸ್ಟರ್ ಹಿಡಿದೆ. ತಕ್ಷಣ ಹೆಡ್‌ಫೋನ್ ಬಂತು ಅಂದುಕೊಂಡು ಸ್ಪೀಕರ್ ಬಾಯಿ ಮುಚ್ಚಿತು. ಒಂದೇ ಪಿನ್‌ಗೆ ಹಿಡಿದರೆ ಏನೂ ಆಗಲಿಲ್ಲ. ತೇವವೂ ಹೀಗೇ ಪಿನ್‌ಗಳನ್ನು ಗ್ರೌಂಡ್‌ಗೆ ಸೇರಿಸಬಹುದು, ಅದಕ್ಕೇ ಒದ್ದೆ ಪೋರ್ಟ್ ಇರುವ ಟ್ಯಾಬ್‌ನಲ್ಲಿ ಸದ್ದು ಹೋಗಿದ್ದರೆ ಮೊದಲು ಅಲ್ಲಿ ಬ್ರಷ್ ಆಡಿಸಿ.

ಆಮೇಲೆ ಬಿಸಿಗೆ ಮೂಕಾಗುವ ಟ್ಯಾಬ್ ನಾಲ್ಕು ಬಂದವು. ಎರಡರಲ್ಲಿ ಇದೇ ಡಯೋಡ್. ಒಂದರಲ್ಲಿ ಜಾಕ್ ಒಳಗಿನ ಪತ್ತಿ ಬಾಗಿತ್ತು. ಇನ್ನೊಂದರಲ್ಲಿ ವಾಲ್ಯೂಮ್ ಗೆರೆ ಅಲ್ಲಾಡಲೇ ಇಲ್ಲ, ಐಸಿಯ ಬೆಸುಗೆ ನಿಜವಾಗಿಯೂ ಬಿಟ್ಟಿತ್ತು. ಅದಕ್ಕೆ ಮಾತ್ರ ಹಾಟ್ ಏರ್ ಹಿಡಿದೆ.