ಸೋಂಕಿನ ಪ್ರತಿಕಾಯವೋ, ಲಸಿಕೆಯ ಪ್ರತಿಕಾಯವೋ: ನನ್ನ ಅನುಭವ

2021ರ ಜನವರಿ 16ರಂದು ಕೋವಿಡ್ ಲಸಿಕೆ ಹಾಕುವ ಕೆಲಸ ಆರಂಭವಾಗುವವರೆಗೆ, ಬೆಂಗಳೂರಿನ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದ ಸೀರಮ್‌ನಲ್ಲಿ (ರಕ್ತದಿಂದ ಬೇರ್ಪಡಿಸಿದ ತಿಳಿದ್ರವದಲ್ಲಿ) ಕೊರೋನಾ ವೈರಸ್ಸಿನ ಯಾವ ಪ್ರೋಟೀನಿಗೆ ಪ್ರತಿಕಾಯ, ಅಂದರೆ ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳಲು ದೇಹ ತಯಾರಿಸುವ ಪ್ರೋಟೀನು, ಕಂಡರೂ ಅದನ್ನು ಹಿಂದಿನ ಸೋಂಕಿನ ಗುರುತೆಂದೇ ಓದುತ್ತಿದ್ದೆವು. ಲಸಿಕೆ ಬಂದ ಮೇಲೆ, ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆಯ ಪ್ಲೇಟಿಗೆ ಯಾವ ಪ್ರೋಟೀನನ್ನು ಅಂಟಿಸಿದ್ದೇವೆ ಎಂಬುದನ್ನು ಬಿಟ್ಟು ಫಲಿತಾಂಶವನ್ನು ಅರ್ಥೈಸುವುದೇ ಅಸಾಧ್ಯವಾಯಿತು.

ಕೋವಿಶೀಲ್ಡ್‌ನಲ್ಲಿ ಕೊರೋನಾ ವೈರಸ್ಸಿನದೆಂದು ಇರುವುದು ಅದರ ಹೊರಮೈಯ ಮುಳ್ಳಿನಂಥ ಸ್ಪೈಕ್ ಪ್ರೋಟೀನಿನ ಜೀನ್ ಮಾತ್ರ. ಆದ್ದರಿಂದ ಅದನ್ನು ಪಡೆದವರಲ್ಲಿ ನ್ಯೂಕ್ಲಿಯೋಕ್ಯಾಪ್ಸಿಡ್‌ಗೆ, ಅಂದರೆ ವೈರಸ್ಸಿನ ಒಳಗಿರುವ, ನಾವು ಸುಮ್ಮನೆ 'ಎನ್' ಎನ್ನುವ ಪ್ರೋಟೀನಿಗೆ, ಪ್ರತಿಕಾಯ ಕಂಡರೆ ಸೋಂಕನ್ನು ಶಂಕಿಸಬಹುದು. ಕೋವ್ಯಾಕ್ಸಿನ್ ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆಯಾದ್ದರಿಂದ ಅದರಲ್ಲಿ ಎನ್ ಕೂಡ ಇರುತ್ತದೆ. ಅಲ್ಲಿ ಈ ತರ್ಕ ನಡೆಯುವುದಿಲ್ಲ. ಹೀಗಾಗಿ ಯಾವ ಲಸಿಕೆ, ಯಾವ ದಿನಾಂಕ ಎಂಬುದನ್ನು ತುಂಬದ ಅರ್ಜಿಯೊಂದಿಗೆ ಬಂದ ಮಾದರಿಯನ್ನು ನಾನು ಎನ್ ಪರೀಕ್ಷೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಕೋವ್ಯಾಕ್ಸಿನ್ ಪಡೆದವರಿಂದ ಸಾಧ್ಯವಾದಲ್ಲೆಲ್ಲ ಕೆಲವು ವಾರಗಳ ಅಂತರದ ಎರಡು ಮಾದರಿಗಳನ್ನು ಕೇಳಿ ಪಡೆದು, ಎರಡನ್ನೂ ಒಂದೇ ಪ್ಲೇಟಿನಲ್ಲಿಟ್ಟು, ನಡುವೆ ಹೊಸ ಡೋಸ್ ಇಲ್ಲದೆಯೂ ಎನ್ ಪ್ರತಿಕಾಯದ ಪ್ರಮಾಣ ಸ್ಪಷ್ಟವಾಗಿ ಏರಿದೆಯೇ (ಏರಿದ್ದರೆ ಅದು ಸೋಂಕಿನ ಸುಳಿವು) ಎಂದು ನೋಡುತ್ತಿದ್ದೆ.

ಹೆಚ್ಚು ಶ್ರಮ ಬೇಡಿದ್ದು ಪ್ರೋಟೀನುಗಳ ತಯಾರಿ. ಸ್ಪೈಕಿನ ಗ್ರಾಹಿ-ಬಂಧಕ ಭಾಗಕ್ಕೆ, ಅಂದರೆ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ತುಣುಕಿಗೆ, ಸಕ್ಕರೆಯ ಸರಪಳಿಗಳೂ ಅದರ ಆಕಾರವನ್ನು ಹಿಡಿದಿಡುವ ಡೈಸಲ್ಫೈಡ್ ಬಂಧಗಳೂ ಇರುವುದರಿಂದ ಅದನ್ನು ಸಸ್ತನಿ ಜೀವಕೋಶಗಳಲ್ಲಿ ತಯಾರಿಸಿಕೊಂಡೆವು. ಎನ್ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಅಗ್ಗವಾಗಿ ಬೆಳೆಸಬಹುದಾದರೂ, ಆರ್‌ಎನ್‌ಎಯನ್ನು ಹಿಡಿದುಕೊಳ್ಳುವುದೇ ಅದರ ಕಸುಬಾಗಿರುವುದರಿಂದ ಬ್ಯಾಕ್ಟೀರಿಯಾದ ಆರ್‌ಎನ್‌ಎ ಕೂಡ ಜೊತೆಗೇ ಬರುತ್ತದೆ. ಆರ್‌ಎನ್‌ಎಯನ್ನು ತುಂಡರಿಸುವ ನ್ಯೂಕ್ಲಿಯೇಸ್ ಕಿಣ್ವ ಹಾಕಿ, ಹೆಚ್ಚು ಉಪ್ಪಿನ ಬಫರ್‌ನಲ್ಲಿ ತೊಳೆದು, 260 ಮತ್ತು 280 ನ್ಯಾನೋಮೀಟರ್ ಬೆಳಕಿನ ಹೀರಿಕೆಯ ಓದುಗಳ ಅನುಪಾತ ಇಳಿದ, ಅಂದರೆ ಆರ್‌ಎನ್‌ಎ ಹೋದ, ಮೇಲಷ್ಟೇ ಅದನ್ನು ಪ್ಲೇಟಿಗೆ ಬಳಸುತ್ತಿದ್ದೆ. ಇ. ಕೋಲಿಗೆ ಪ್ರತಿಕಾಯ ನಮ್ಮಲ್ಲಿ ಬಹುತೇಕರಿಗೆ ಇದ್ದೇ ಇರುತ್ತದೆ, ಆದ್ದರಿಂದ ಅದರ ಪ್ರೋಟೀನುಗಳ ಶೇಷ ಉಳಿದರೂ ಓದು ಸುಳ್ಳಾಗಿ ಏರುತ್ತದೆ.

ಇದಲ್ಲದೆ ಮಾಮೂಲಿ ನೆಗಡಿ ತರುವ ಕೊರೋನಾ ವೈರಸ್‌ಗಳ ಎನ್ ಪ್ರೋಟೀನಿಗೂ ಇದಕ್ಕೂ ಒಂದಷ್ಟು ಹೋಲಿಕೆಯಿದೆ. ಅದಕ್ಕಾಗಿ ಕಟ್-ಆಫ್ (ಯಾವ ಓದಿನಿಂದ ಮೇಲೆ ಪಾಸಿಟಿವ್ ಎನ್ನುವ ಗೆರೆ) ನಿಗದಿಗೆ 2019ಕ್ಕೂ ಮುಂಚೆ ಫ್ರೀಜರ್‌ನಲ್ಲಿಟ್ಟ ಸೀರಮ್‌ಗಳನ್ನೇ ಬಳಸಿದೆವು. ಕಿಟ್ ತಯಾರಕರು ಕೊಟ್ಟ ಕಟ್-ಆಫ್ ಬೇರೆ ಊರಿನ ಜನರ ಮೇಲೆ ನಿಂತದ್ದು. ಸ್ಥಳೀಯ ಹಳೆಯ ಸೀರಮ್‌ಗೆ ಅದು ಬದಲಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಎನ್ ಪ್ರತಿಕಾಯ ಕಾಣದಿರುವುದನ್ನು ಓದುವಾಗ ಇನ್ನೂ ಎಚ್ಚರ ಬೇಕು. ಅಮೆರಿಕದಲ್ಲಿ ನಡೆದ ಮಾಡರ್ನಾ ಲಸಿಕೆಯ ಪ್ರಯೋಗದಲ್ಲಿ, ಪಿಸಿಆರ್‌ನಿಂದ ಸೋಂಕು ದೃಢಪಟ್ಟವರ ಪೈಕಿ ಪ್ಲಸೀಬೋ (ಲಸಿಕೆಯಿಲ್ಲದ ಹುಸಿ ಚುಚ್ಚುಮದ್ದು) ಪಡೆದವರಲ್ಲಿ ಶೇ. 93ರಷ್ಟು ಮಂದಿಗೆ ಎನ್ ಪ್ರತಿಕಾಯ ಮೂಡಿದ್ದರೆ, ಲಸಿಕೆ ಪಡೆದವರಲ್ಲಿ ಶೇ. 40ರಷ್ಟು ಮಂದಿಗೆ ಮಾತ್ರ ಮೂಡಿತ್ತು. ಲಸಿಕೆಯಿಂದಾಗಿ ವೈರಸ್ ಹೆಚ್ಚು ವೃದ್ಧಿಯಾಗದಿದ್ದಾಗ ದೇಹಕ್ಕೆ ಎನ್‌ನ ಪರಿಚಯವೂ ಅಷ್ಟಕ್ಕಷ್ಟೇ ಆಗುತ್ತದೆ. ಮೂಡಿದ ಪ್ರತಿಕಾಯವೂ ಸ್ಪೈಕಿನದಕ್ಕಿಂತ ಬೇಗ ಇಳಿಯುತ್ತದೆ. ಹಾಗಾಗಿ ಲಸಿಕೆ ಪಡೆದವರ ವರದಿಯಲ್ಲಿ 'ಸೋಂಕು ಆಗಿಲ್ಲ' ಎಂಬ ಸಾಲನ್ನು ತೆಗೆದು, 'ಎನ್ ಪ್ರತಿಕಾಯ ಪತ್ತೆಯಾಗಿಲ್ಲ; ಹಿಂದಿನ ಸೋಂಕನ್ನು ಇದರಿಂದ ತಳ್ಳಿಹಾಕಲಾಗದು' ಎಂದು ಬರೆಯುವುದನ್ನು ರೂಢಿಮಾಡಿದೆವು.