ವೈನ್ ಭರಣಿ ತೊಳೆಯೋದು: ನನ್ನ ಅನುಭವ

ಸತತ ಎರಡು ವರ್ಷ ನನ್ನ ದ್ರಾಕ್ಷಿ ವೈನ್ ವಿನೆಗರ್ ಆಯಿತು. ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಶಿವರಾತ್ರಿ ಹೊತ್ತಿಗೆ ಕಪ್ಪು ದ್ರಾಕ್ಷಿ ತಂದು ಮನೆಮಟ್ಟಿಗೆ ಎರಡು ಭರಣಿ ಹಾಕುತ್ತೇನೆ. ಭರಣಿ ತೊಳೆದಿದ್ದೆ, ಬಾಟ್ಲಿಗಳನ್ನೂ ಕುದಿಸಿದ್ದೆ. ಆದರೂ ಹೀಗಾಯಿತು. ಕೊನೆಗೆ ಒಂದು ದಿನ ಭರಣಿಯ ಪ್ಲಾಸ್ಟಿಕ್ ನಲ್ಲಿಯನ್ನು ಪೂರ್ತಿ ಬಿಚ್ಚಿ ನೋಡಿದೆ. ತಿರುಪಿನ ಸಂದಿಯಲ್ಲಿ ನೇರಳೆ ಬಣ್ಣದ ಲೋಳೆ. ರಬ್ಬರ್ ವಾಷರಿನ ಹಿಂದೆ ದ್ರಾಕ್ಷಿ ಸಿಪ್ಪೆಯ ಚೂರೊಂದು ಅಂಟಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದರೆ ಅದೇ ಹುಳಿ ವಾಸನೆ. ವೈನನ್ನು ಬಾಟ್ಲಿಗೆ ಇಳಿಸುವಾಗ ಹನಿ ಹನಿಯೂ ಇದನ್ನು ದಾಟಿಯೇ ಹೋಗಬೇಕು, ಅಲ್ವಾ? ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಇಳಿಸುವಾಗ ಅದೂ ಸಿಗುತ್ತದೆ.

ನಲ್ಲಿಗೂ ಕುದಿಯುವ ನೀರು ಹೊಯ್ದಿದ್ದೆನಲ್ಲ ಅಂದೆ. ನಮ್ಮತ್ತೆ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಉಜ್ಜದೆ ಬಿಸಿನೀರು ಹೊಯ್ದ್ರೆ ಕೊಳೆ ಬೇಯುತ್ತೆ ಅಷ್ಟೇ ಕಣಮ್ಮಾ" ಅಂದರು. ಉಪ್ಪಿನಕಾಯಿ ಜಾಡಿಯನ್ನು ಬೂದಿ, ತೆಂಗಿನ ನಾರು ಹಾಕಿ ಉಜ್ಜಿ, ಬಿಸಿಲಿಗಿಟ್ಟು, ಒದ್ದೆ ಕೈ ತಾಗದ ಹಾಗೆ ನೋಡಿಕೊಳ್ಳುವವರು ಅವರು. ಅವರ ಮಾತು ಸರಿ. ತೊಳೆಯೋದು ಒಂದು ಕೆಲಸ, ಸೂಕ್ಷ್ಮಾಣು ಕೊಲ್ಲೋದು ಇನ್ನೊಂದು. ಕೊಳೆಯ ಪದರ ಇದ್ದರೆ ಎಂಥ ಔಷಧಿಯೂ ಅದರ ಕೆಳಗೆ ಇಳಿಯೋದಿಲ್ಲ.

ಈಗ ನಾನು ಮಾಡುವುದು ಹೀಗೆ. ಭರಣಿ ಖಾಲಿಯಾದ ದಿನವೇ ತೊಳೆಯುತ್ತೇನೆ. ಮಡ್ಡಿ ಒಣಗಿತೋ, ಕೆಲಸ ಮೂರು ಪಟ್ಟು ಜಾಸ್ತಿ. ಬಚ್ಚಲಿನ ಹಂಡೆಯ ಬಿಸಿನೀರಿಗೆ ವಾಷಿಂಗ್ ಸೋಡಾ ಕಲಸಿ, ಅರ್ಧ ಗಂಟೆ ನೆನೆಸಿಡುತ್ತೇನೆ. ಆಮೇಲೆ ಉದ್ದ ಹಿಡಿಯ ಬ್ರಷ್. ಭರಣಿಯ ಕುತ್ತಿಗೆಯ ಒಳಗೆ, ನೊರೆ ಬಂದು ನಿಂತಿದ್ದ ಕಡೆ, ಉಂಗುರದ ಹಾಗೆ ಒಂದು ಗೆರೆ ಇರುತ್ತದೆ. ಬೆರಳು ಆಡಿಸಿದರೆ ಜಾರಬಾರದು, ನುಣ್ಣಗೆ ಕಿರ್ ಅನ್ನಬೇಕು. ಗಾಜು ತಣ್ಣಗಿರುವಾಗ ಕುದಿಯುವ ನೀರು ಮಾತ್ರ ಹೊಯ್ಯಬೇಡಿ, ಸೀಳುತ್ತದೆ. ಪ್ಲಾಸ್ಟಿಕ್‌ಗೆ ಸ್ಟೀಲ್ ನಾರು ಬೇಡ. ಗೀರು ಬಿದ್ದರೆ ಅದರಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ವೈನ್ ಇಳಿಸುವ ರಬ್ಬರ್ ಪೈಪನ್ನು ನಾನು ವರ್ಷಕ್ಕೊಮ್ಮೆ ಬದಲಾಯಿಸಿಬಿಡುತ್ತೇನೆ, ಅದರ ಒಳಗೆ ನೋಡೋದಕ್ಕೇ ಆಗಲ್ಲ.

ವೈನ್ ಹಾಕುವ ದಿನ ಎರಡನೇ ಕೆಲಸ, ಸೂಕ್ಷ್ಮಾಣು ಕೊಲ್ಲೋದು. ಮೊದಲು ಒಂದು ವರ್ಷ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ನೀರಲ್ಲಿ ಭರಣಿ ಅದ್ದಿ, ಸರಿಯಾಗಿ ಗಲಬರಿಸದೆ ಹಾಗೇ ಬಳಸಿದ್ದೆ. ಆ ವೈನಿಗೆ ಆಸ್ಪತ್ರೆ ವಾಸನೆ ಬಂತು. ಪೌಡರಿನ ಕ್ಲೋರಿನ್ ದ್ರಾಕ್ಷಿಯಲ್ಲಿರುವ ಫಿನಾಲ್ ಅನ್ನೋ ರಾಸಾಯನಿಕಗಳ ಜೊತೆ ಸೇರಿದರೆ ಹಾಗಾಗುತ್ತದೆ. ಒಂದು ಸಲ ಬಂತೆಂದರೆ ಆ ವಾಸನೆ ಹೋಗೋದಿಲ್ಲ, ಚೆಲ್ಲಬೇಕಾಯಿತು. ಇನ್ನೊಂದು ಮಾತು, ಬ್ಲೀಚಿಂಗ್ ಪೌಡರಿಗೆ ವಿನೆಗರ್ ಆಗಲಿ, ನಿಂಬೆ ಉಪ್ಪಾಗಲಿ (ಸಿಟ್ರಿಕ್ ಆಸಿಡ್) ಯಾವತ್ತೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ.

ಈಗ ಬಳಸೋದು ಕೆ.ಎಂ.ಎಸ್., ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಹಣ್ಣಿನ ಸ್ಕ್ವಾಷ್ ಮಾಡುವವರಿಗೆ ಗೊತ್ತಿರುವ ಪುಡಿಯೇ. ಲೀಟರ್ ನೀರಿಗೆ 10 ಗ್ರಾಂ, ಜೊತೆಗೆ ಒಂದು ಚಮಚ ನಿಂಬೆ ಉಪ್ಪು. ಹುಳಿ ಇದ್ದರೇ ಅದರ ಗಂಧಕದ ಗಾಳಿ ಚೆನ್ನಾಗಿ ಕೆಲಸ ಮಾಡುತ್ತದೆ. ಈಗಷ್ಟೇ ಗೀರಿದ ಬೆಂಕಿಕಡ್ಡಿಯ ಹಾಗೆ ಮೂಗಿಗೆ ಹೊಡೆಯುತ್ತದೆ. ಹಾಗಾಗಿ ಜಗಲಿಯಲ್ಲೇ ಕೂತು ಮಾಡುತ್ತೇನೆ. ಅಸ್ತಮಾ ಇರುವವರು ಹತ್ತಿರ ಬರಲೇಬಾರದು. ಭರಣಿಯ ಒಳಗೆಲ್ಲ ಸುತ್ತಾಡಿಸಿ 10 ನಿಮಿಷ ಬಿಟ್ಟು, ಕುದಿಸಿ ಆರಿಸಿದ ನೀರಲ್ಲಿ ಒಮ್ಮೆ ಗಲಬರಿಸುತ್ತೇನೆ. ಬಿಚ್ಚಿದ ನಲ್ಲಿ, ವಾಷರ್, ಸೌಟು, ಆಲಿಕೆ, ಎಲ್ಲಕ್ಕೂ ಅದೇ. ಒರೆಸಲು ಬಟ್ಟೆ ಮುಟ್ಟಿಸುವುದಿಲ್ಲ.

ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ. ಖಾಲಿ ಭರಣಿಗೆ ಮುಚ್ಚಳ ಬಿಗಿದರೆ ಒಳಗೂ ಅದೇ ಗತಿ. ಚೆನ್ನಾಗಿ ಒಣಗಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಒಲೆಯ ಹತ್ತಿರದ ಅಟ್ಟದ ಮೇಲಿಡುತ್ತೇನೆ. ಬಿಚ್ಚಿದ ನಲ್ಲಿಯನ್ನು ಬೇರೆಯೇ ಪೊಟ್ಟಣ ಕಟ್ಟಿ ಭರಣಿಯ ಕುತ್ತಿಗೆಗೆ ನೇತುಹಾಕಿರುತ್ತೇನೆ.